ಕಡಲ ಮದ್ದು ಬರುವ ಮುನ್ನ

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಸಾಗುವಾಗ ಐಮಂಗಲದ ಸಮೀಪದಲ್ಲಿ ಮರಡಿಹಳ್ಳಿ ಎಂಬ ಊರು ಸಿಗುತ್ತದೆ. ಅಲ್ಲಿಯ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುತ್ತವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾರಸವು ಕೂಡಲೇ ತಣಿದು ಗಟ್ಟಿಯಾದಾಗ ಕಲ್ಲಿಗೆ ಈ ಆಕಾರ ಬರುತ್ತದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹನಿ ನೀರಿಗೂ ಆಕಾಶವನ್ನು ನೋಡುವ ನಮ್ಮ ಈ ಬಯಲುಸೀಮೆಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಕಡಲು ಇತ್ತು. ಇದೇ ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲಿ ಪದರ ಪದರವಾಗಿ ಉಳಿದಿರುವ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳು ಆ ಕಾಲದ ಸೂಕ್ಷ್ಮಜೀವಿಗಳು ಕಟ್ಟಿ ಹೋದ ಮನೆಗಳು. ಮನುಷ್ಯನು ಹುಟ್ಟುವ ಎಷ್ಟೋ ಮೊದಲೇ ಬ್ಯಾಕ್ಟೀರಿಯಾಗಳು ಕಡಲಿನಲ್ಲಿ ಬಾಳಿ, ಒಂದರೊಡನೊಂದು ಹೋರಾಡಿ, ಹೊಂದಿಕೊಂಡು ಬಂದಿವೆ ಎಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

ಆರೋಗ್ಯದ ಪುಟದಲ್ಲಿ ಕಲ್ಲಿನ ಕಥೆ ಏಕೆಂದು ಸದ್ಭಕ್ತರು ಕೇಳಬಹುದು. ಇಂದು ಜಗತ್ತಿನ ವಿಜ್ಞಾನಿಗಳು ಹೊಸ ಆ್ಯಂಟಿಬಯೋಟಿಕ್‌ಗಳನ್ನು, ಅಂದರೆ ಪ್ರತಿಜೀವಕ ಔಷಧಗಳನ್ನು ಅರಸುತ್ತ ಕಡಲಿನ ತಳಕ್ಕೆ ಇಳಿದಿದ್ದಾರೆ. ಅಲ್ಲಿನ ಕೆಸರಿನಲ್ಲಿ, ಪಾಚಿಯ ಮೇಲೆ, ಸ್ಪಂಜು ಪ್ರಾಣಿಯ ಒಡಲಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಂದ ನಾಳಿನ ಮದ್ದು ಬರಬಹುದೆಂಬ ಭರವಸೆ ಅವರದು. ಆ ಭರವಸೆ ಹುಸಿಯಲ್ಲವೆಂದು ನಾವೂ ನಂಬುತ್ತೇವೆ. ಆದರೆ ಈಗಾಗಲೇ ನಮ್ಮ ಕೈಯಲ್ಲಿರುವ ಮದ್ದನ್ನು ನಾವು ಬಳಸುತ್ತಿರುವ ರೀತಿಯನ್ನು ತಿದ್ದಿಕೊಳ್ಳದೆ ಹೋದರೆ ಕಡಲು ಕೊಡುವ ಮದ್ದೂ ನಮ್ಮನ್ನು ಕಾಯಲಾರದು. ಈ ಬರಹದಲ್ಲಿ ನಾವು ಹೇಳಬೇಕೆಂದಿರುವ ಮಾತು ಇದೇ.

ಒಂದು ವರದಿಯ ಹಾಳೆ

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ತಾಯಿಯೊಬ್ಬರಿದ್ದಾರೆ. ಅವರಿಗೆ ಮೂತ್ರಕೋಶದ ಸೋಂಕು ಆಗಾಗ ಕಾಣಿಸಿಕೊಳ್ಳುತ್ತಿತ್ತು. ಉರಿ ಬಂದಾಗಲೆಲ್ಲ ಮಗ ಮೆಡಿಕಲ್ ಸ್ಟೋರಿಗೆ ಹೋಗಿ ಹಳೆಯ ಪಟ್ಟಿಯ ಖಾಲಿ ತುಂಡನ್ನು ತೋರಿಸಿ ನಾಲ್ಕು ಗುಳಿಗೆ ತರುತ್ತಿದ್ದರು. ಎರಡು ದಿನಕ್ಕೆ ಉರಿ ಇಳಿದರೆ ಉಳಿದೆರಡು ಗುಳಿಗೆ ದೇವರ ಗೂಡಿನ ಪಕ್ಕದ ಡಬ್ಬಿಗೆ ಸೇರುತ್ತಿದ್ದವು. ಮೂರು ವರ್ಷ ಹೀಗೆ ನಡೆಯಿತು. ಕೊನೆಗೊಮ್ಮೆ ಗುಳಿಗೆ ನುಂಗಿದರೂ ಉರಿ ಇಳಿಯಲಿಲ್ಲ, ಚಳಿಜ್ವರ ಏರಿತು. ತಾಯಿಯನ್ನು ನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ರೋಗಾಣುವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವ ಪರೀಕ್ಷೆ ಅದು. ವರದಿಯಲ್ಲಿ ಔಷಧಗಳ ಹೆಸರು ಸಾಲಾಗಿರುತ್ತವೆ. ಎದುರಿಗೆ ‘ಎಸ್’ ಎಂದಿದ್ದರೆ ಆ ಮದ್ದು ನಾಟುತ್ತದೆ, ‘ಆರ್’ ಎಂದಿದ್ದರೆ ನಾಟುವುದಿಲ್ಲ. ಆ ತಾಯಿಯ ವರದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಆರ್’ಗಳೇ ತುಂಬಿದ್ದವು, ‘ಎಸ್’ ಇದ್ದುದು ಎರಡೇ ಕಡೆ. ಅವೆರಡೂ ರಕ್ತನಾಳಕ್ಕೆ ಕೊಡಬೇಕಾದ ದುಬಾರಿ ಚುಚ್ಚುಮದ್ದುಗಳು. ಹತ್ತು ದಿನಗಳ ಚಿಕಿತ್ಸೆಯ ಬಳಿಕ ತಾಯಿ ಮನೆಗೆ ಮರಳಿದರು. ಮನೆಯವರು ಆ ವರ್ಷದ ಅಡಿಕೆಯ ಹಣವನ್ನೆಲ್ಲ ಅಲ್ಲಿಯೇ ಬಿಟ್ಟು ಬಂದರು.

ಬಿಡುಗಡೆಯ ದಿನ ಮಗ ಕೇಳಿದರಂತೆ: “ಡಾಕ್ಟ್ರೇ, ಅವ್ವಗೆ ಇದು ಮತ್ತೆ ಬಂದ್ರೆ?” ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಜಮಾನ್ರೇ, ಅಷ್ಟರಲ್ಲಿ ಹೊಸ ಮದ್ದು ಬಂದಿರ್ಲಿ ಅಂತ ಆಸೆ ಇಟ್ಕೊಳ್ಳೋಣ” ಎಂದರಂತೆ. ಈ ಮಾತನ್ನು ಕೇಳಿದ ಮೇಲೆ, ಆ ಹೊಸ ಮದ್ದು ಎಲ್ಲಿಂದ ಬರಬೇಕು, ಯಾವಾಗ ಬಂದೀತು ಎಂದು ಓದಿ ತಿಳಿಯುವ ಮನಸ್ಸು ನಮಗಾಯಿತು.

ಮಣ್ಣು ಕೊಟ್ಟ ಔಷಧಗಳು

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಷ್ಟಿನಿಂದ ಪೆನಿಸಿಲಿನ್ ಕಂಡುಕೊಂಡ ಕಥೆ ಶಾಲೆಯ ಪುಸ್ತಕದಲ್ಲಿಯೇ ಇದೆ. ಅದರ ಬಳಿಕ ಬಂದ ಔಷಧಗಳಲ್ಲಿ ಬಹುಪಾಲು ಮಣ್ಣಿನವು ಎಂಬುದು ಅಷ್ಟಾಗಿ ತಿಳಿದಿಲ್ಲ. ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯರೋಗವನ್ನು ಗುಣಪಡಿಸಿದ ಮೊದಲ ಪ್ರತಿಜೀವಕ ಅದು. ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯ ಹೊಣೆ ಹೊತ್ತಿದ್ದ ಸಂಸ್ಥೆಯಿಂದ 1948ರಲ್ಲಿ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಹೊರಬಂದಿತು, ಅದೂ ಮಣ್ಣಿನದೇ. ಮಳೆ ಬಿದ್ದ ಕೂಡಲೇ ನೆಲದಿಂದ ಏಳುವ ಘಮವನ್ನು ನಾವೆಲ್ಲ ಬಲ್ಲೆವು. ಆ ಘಮಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳ ಕುಲವೇ ನಮಗೆ ಇಷ್ಟೊಂದು ಔಷಧಗಳನ್ನು ಕೊಟ್ಟಿತು.

ಈ ಸಾಧನೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ನಮ್ಮ ನಾಡಿನವರೇ ಆದ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಶಿಲೀಂಧ್ರಗಳಿಂದ ಬರುವ ಸೋಂಕಿಗೆ ಮದ್ದಾದ ಹ್ಯಾಮೈಸಿನ್, ಬೆಳೆಗಳ ರೋಗಕ್ಕೆ ಬಳಸುವ ಆರಿಯೊಫಂಗಿನ್ ಮುಂತಾದವು ಅವರ ಶ್ರಮದ ಫಲಗಳು. ನಮ್ಮ ಮಣ್ಣಿನಿಂದ ನಮ್ಮ ಮದ್ದು ಬರುವುದು ಸಾಧ್ಯವೆಂದು ಅಂದು ಅವರು ತೋರಿಸಿಕೊಟ್ಟರು.

ಆದರೆ ಮಣ್ಣಿನ ಆ ಸುಗ್ಗಿ ಬಹಳ ಕಾಲ ನಿಲ್ಲಲಿಲ್ಲ. 1940ರಿಂದ 1960ರವರೆಗೆ ಒಂದರ ಹಿಂದೊಂದು ಔಷಧಗಳು ಬಂದವು. ಅನಂತರ ಎಷ್ಟು ಮಣ್ಣು ಜರಡಿಯಾಡಿದರೂ ಕಂಡದ್ದೇ ಮತ್ತೆ ಮತ್ತೆ ಕಾಣತೊಡಗಿತು. 1980ರ ದಶಕದ ಬಳಿಕ ಪೂರ್ತಿಯಾಗಿ ಹೊಸ ವರ್ಗದ ಪ್ರತಿಜೀವಕಗಳು ಬಂದದ್ದು ತೀರ ವಿರಳ. ನಮ್ಮ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಹಿರಿಯೂರಿನ ರೈತರು ನೀರನ್ನು ಹೇಗೆ ಅಳೆದು ಬಳಸಿದರೆಂಬುದು ಆ ಸೀಮೆಯ ಹಿರಿಯರಿಗೆ ಗೊತ್ತು. ಪ್ರತಿಜೀವಕಗಳ ವಿಷಯದಲ್ಲಿ ಮನುಕುಲಕ್ಕೆ ಅಂಥದ್ದೇ ಬರಗಾಲ ಬಂದಿತು. ಆದರೆ ನಾವು ಅಳೆದು ಬಳಸಲಿಲ್ಲ.

ಕಡಲಿನ ತಳದಲ್ಲಿ ಏನಿದೆ?

ಕಡಲಿನ ಬ್ಯಾಕ್ಟೀರಿಯಾ ಏಕೆ ಮದ್ದನ್ನು ತಯಾರಿಸುತ್ತದೆ? ಅದು ನಮಗಾಗಿ ಮಾಡುವ ಕೆಲಸವಲ್ಲ. ಕಡಲಿನ ಕೆಸರಿನಲ್ಲಿ ಜಾಗ ಕಡಿಮೆ, ಆಹಾರ ಕಡಿಮೆ, ನೆರೆಹೊರೆ ಬಹಳ. ತಮ್ಮ ಚೂರು ಜಾಗವನ್ನು ಉಳಿಸಿಕೊಳ್ಳಲು ಅನೇಕ ಬ್ಯಾಕ್ಟೀರಿಯಾಗಳು ನೆರೆಯವರನ್ನು ದೂರವಿಡುವ ರಸಾಯನಗಳನ್ನು ಸ್ರವಿಸುತ್ತವೆ. ಬಂಡೆಗೆ ಅಂಟಿ ಕುಳಿತ ಸ್ಪಂಜಿನಂಥ ಪ್ರಾಣಿಗೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಅದರೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳೇ ಎಷ್ಟೋ ವೇಳೆ ಅದಕ್ಕೆ ಕಾವಲು. ಉಪ್ಪು, ಚಳಿ, ಕತ್ತಲು, ನೀರಿನ ಒತ್ತಡ ಇವುಗಳ ನಡುವೆ ಬೆಳೆದ ಈ ಜೀವಿಗಳ ರಸಾಯನಗಳು ನೆಲದ ಮೇಲಿನವುಗಳಿಗಿಂತ ಬೇರೆಯಾಗಿರುತ್ತವೆ. ಕಡಲಿನ ನೀರಿನಲ್ಲಿ ಹೇರಳವಾಗಿರುವ ಕ್ಲೋರಿನ್, ಬ್ರೋಮಿನ್‌ಗಳನ್ನು ಅವು ತಮ್ಮ ರಸಾಯನಗಳಲ್ಲಿ ಹೆಣೆದುಕೊಳ್ಳುತ್ತವೆ. ರೋಗಾಣುಗಳು ಹಿಂದೆಂದೂ ಕಾಣದ ಆಯುಧ ಅಲ್ಲಿ ಸಿಗಬಹುದೆಂಬ ಆಸೆಗೆ ಇದೇ ಆಧಾರ.

1966ರಲ್ಲಿ ಪೋರ್ಟೊ ರಿಕೊ ದ್ವೀಪದ ಕಡಲಹುಲ್ಲಿನ ಮೇಲಿದ್ದ ಒಂದು ಬ್ಯಾಕ್ಟೀರಿಯಾದಿಂದ ವಿಜ್ಞಾನಿಗಳು ಒಂದು ಪ್ರತಿಜೀವಕವನ್ನು ಪಡೆದರು. ಅದರ ತೂಕದಲ್ಲಿ ಶೇಕಡ 70ಕ್ಕೂ ಹೆಚ್ಚು ಭಾಗ ಬ್ರೋಮಿನ್ ಎಂದು ತಿಳಿದಾಗ ಎಲ್ಲರಿಗೂ ಅಚ್ಚರಿ. ಆದರೆ ಅದು ಔಷಧವಾಗಲಿಲ್ಲ. ಬಳಿಕ ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಸಂಗಡಿಗರು ಬಹಾಮಾಸ್ ದ್ವೀಪಗಳ ಕಡಲ ಕೆಸರಿನಿಂದ ಸ್ಯಾಲಿನಿಸ್ಪೊರಾ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಉಪ್ಪುನೀರಿಲ್ಲದೆ ಬೆಳೆಯದ ಜೀವಿ ಅದು. 2003ರಲ್ಲಿ ಪ್ರಕಟವಾದ ಅದರ ಒಂದು ರಸಾಯನ ಕ್ಯಾನ್ಸರ್ ಚಿಕಿತ್ಸೆಯ ಪ್ರಯೋಗಗಳವರೆಗೆ ಹೋಯಿತು. ಅದೇ ತಂಡವು 2013ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಕೆಸರಿನಿಂದ ಆಂಥ್ರಾಸಿಮೈಸಿನ್ ಎಂಬುದನ್ನು ಪಡೆಯಿತು. ನಮ್ಮ ಕುರಿಗಾಹಿಗಳನ್ನೂ ಕಾಡುವ ಆಂಥ್ರಾಕ್ಸ್ ರೋಗಾಣುವನ್ನೂ, ಆಸ್ಪತ್ರೆಗಳಲ್ಲಿ ಹಲವು ಔಷಧಗಳಿಗೆ ಜಗ್ಗದೆ ನಿಂತಿರುವ ಎಂಆರ್‌ಎಸ್‌ಎ ಎಂಬ ರೋಗಾಣುವನ್ನೂ ಅದು ಪ್ರಯೋಗಾಲಯದಲ್ಲಿ ತಡೆಯಿತು.

ಇನ್ನೊಂದು ತೊಡಕಿದೆ. ಪ್ರಕೃತಿಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆಯುವುದು ನೂರಕ್ಕೆ ಒಂದರಷ್ಟು ಎಂದು ಬಲ್ಲವರ ಅಂದಾಜು. ಬೋಸ್ಟನ್ನಿನ ವಿಜ್ಞಾನಿಗಳಾದ ಕಿಮ್ ಲೂಯಿಸ್ ಮತ್ತು ಸ್ಲಾವಾ ಎಪ್‌ಸ್ಟೀನ್ 2002ರಲ್ಲಿ ಒಂದು ಉಪಾಯ ಮಾಡಿದರು. ಬ್ಯಾಕ್ಟೀರಿಯಾಗಳನ್ನು ತೆಳು ಪೊರೆಯ ನಡುವೆ ಇರಿಸಿ, ಅವುಗಳ ತವರಾದ ಕಡಲ ಕೆಸರಿನ ಮೇಲೆಯೇ ಇಟ್ಟರು. ಆಗ ಹಿಂದೆ ಬೆಳೆಯದಿದ್ದವು ಬೆಳೆದವು. ಅವುಗಳಲ್ಲಿ ಕೆಲವು ನೆರೆಯ ಇನ್ನೊಂದು ಬ್ಯಾಕ್ಟೀರಿಯಾ ಜೊತೆಗಿದ್ದರೆ ಮಾತ್ರ ಬೆಳೆದವು. ಇದೇ ಉಪಾಯವನ್ನು ಮಣ್ಣಿಗೆ ಅನ್ವಯಿಸಿದಾಗ ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಪ್ರತಿಜೀವಕ ದೊರೆತು, 2015ರಲ್ಲಿ ಅದರ ವರದಿ ಬಂದಿತು.

ನಮ್ಮ ಕರಾವಳಿಯೂ ಹಿಂದೆ ಬಿದ್ದಿಲ್ಲ. ನಮ್ಮ ಭಕ್ತರಲ್ಲಿ ಅನೇಕರು ಗೋಕರ್ಣ, ಮುರುಡೇಶ್ವರಗಳಿಗೆ ಹೋಗಿ ಕಡಲನ್ನು ಕಣ್ತುಂಬ ನೋಡಿ ಬಂದಿದ್ದೀರಿ. ಮುರುಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿನ ಕೆಸರಿದೆ. ಇಂಥ ಜಾಗಗಳೇ ಸೂಕ್ಷ್ಮಜೀವಿಗಳ ಭಂಡಾರಗಳು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ, 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಗೋವೆಯಲ್ಲಿದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಡಲಪಾಚಿಯ ಮೇಲೆ ಬದುಕುವ ಬ್ಯಾಕ್ಟೀರಿಯಾಗಳಿಂದ ರೋಗಾಣು ತಡೆಯುವ ರಸಾಯನಗಳನ್ನು ಗುರುತಿಸಿದ್ದಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿಗಳು ಇನ್ನೊಂದು ದಾರಿ ಹಿಡಿದರು. ಸಿಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಕ್ಕೆ ಪ್ರತಿಜೀವಕ ಸುರಿಯುವ ಬದಲು, ಆ ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್ಸುಗಳನ್ನು ಬಿಟ್ಟು ಮರಿಗಳನ್ನು ಉಳಿಸಬಹುದೆಂದು ತೋರಿಸಿದರು. ಮದ್ದನ್ನು ಉಳಿಸುವುದೂ ಮದ್ದು ಹುಡುಕುವಷ್ಟೇ ದೊಡ್ಡ ಕೆಲಸ ಎಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನು ಮರೆಮಾಚಬಾರದು. ಕಡಲಿನ ಬ್ಯಾಕ್ಟೀರಿಯಾದಿಂದ ಪಡೆದ ಸೋಂಕುನಿವಾರಕ ಔಷಧ ಯಾವುದೂ ಇನ್ನೂ ನಮ್ಮ ಮೆಡಿಕಲ್ ಸ್ಟೋರನ್ನು ತಲುಪಿಲ್ಲ. ತಟ್ಟೆಯಲ್ಲಿ ರೋಗಾಣುವನ್ನು ಕೊಂದದ್ದು ಮನುಷ್ಯನ ಮೈಗೆ ವಿಷವಾಗದೆಂದು ರುಜುವಾತಾಗಬೇಕು, ಬೇಕಾದಷ್ಟು ಪ್ರಮಾಣದಲ್ಲಿ ತಯಾರಾಗಬೇಕು, ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಗೆಲ್ಲಬೇಕು. ಹತ್ತು ವರ್ಷ ಬೇಕು, ಹದಿನೈದು ವರ್ಷವೂ ಬೇಕಾದೀತು. ಹೊಳಲ್ಕೆರೆಯ ಆ ತಾಯಿಗೆ ಅಷ್ಟು ಕಾಲಾವಕಾಶವಿಲ್ಲ.

ಕಡಲು ಒಮ್ಮೆ ಕೊಟ್ಟಿತ್ತು

ಕಡಲು ನಮಗೆ ಹಿಂದೊಮ್ಮೆ ಔಷಧದ ದಾರಿ ತೋರಿಸಿತ್ತು ಎಂಬುದು ಅನೇಕರಿಗೆ ತಿಳಿದಿಲ್ಲ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ಪಟ್ಟಣದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವೈದ್ಯವಿಜ್ಞಾನಿ, ಊರಿನ ಕೊಳಚೆ ನೀರು ಕಡಲನ್ನು ಸೇರುವ ಜಾಗದಿಂದ ನೀರು ತಂದು ಪರೀಕ್ಷಿಸಿದರು. ಅದರಲ್ಲಿ ವಿಷಮಶೀತ ಜ್ವರದ ರೋಗಾಣುವನ್ನು ತಡೆಯುವ ಒಂದು ಶಿಲೀಂಧ್ರ ಸಿಕ್ಕಿತು. ಅದು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟಿನ ಜಾತಿಯದು. ಆಕ್ಸ್‌ಫರ್ಡಿನ ವಿಜ್ಞಾನಿಗಳು ಅದರ ಮೇಲೆ ದುಡಿದು ಸೆಫಲೊಸ್ಪೊರಿನ್ ಎಂಬ ಔಷಧವರ್ಗಕ್ಕೆ ಅಡಿಗಲ್ಲು ಹಾಕಿದರು. ಇಂದು ನಮ್ಮ ಹಳ್ಳಿಯ ಜನರೂ ಹೆಸರು ಹೇಳಿ ಕೇಳುವ ಸೆಫಿಕ್ಸಿಮ್ ಗುಳಿಗೆ, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಅದೇ ವಂಶದವು.

ಕಡಲಂಚಿನಿಂದ ಬಂದ ಆ ಮದ್ದನ್ನು ನಾವು ಏನು ಮಾಡಿದೆವು? ನೆಗಡಿಗೆ ನುಂಗಿದೆವು, ಗಂಟಲು ಕೆರೆತಕ್ಕೆ ನುಂಗಿದೆವು, ವೈರಸ್ಸಿನಿಂದ ಬಂದ ಜ್ವರಕ್ಕೂ ನುಂಗಿದೆವು. ಪ್ರತಿಜೀವಕವು ವೈರಸ್ಸನ್ನು ಕೊಲ್ಲುವುದಿಲ್ಲವೆಂದು ತಿಳಿಯದೆ ನುಂಗಿದವರು ಕೆಲವರು, ತಿಳಿದೂ ನುಂಗಿದವರು ಹಲವರು. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳನ್ನು ನೋಡಿದರೆ, ಆಸ್ಪತ್ರೆಗಳಲ್ಲಿ ಸಿಗುವ ಈ-ಕೋಲಿ ಬ್ಯಾಕ್ಟೀರಿಯಾದ ಬಹುಪಾಲು ಮಾದರಿಗಳು ಈ ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳಿಗೆ ಜಗ್ಗುವುದೇ ಇಲ್ಲ. ಆ ತಾಯಿಯ ವರದಿಯ ‘ಆರ್’ಗಳ ಸಾಲಿನಲ್ಲಿ ಇವೂ ಇದ್ದವು. ಮದ್ದು ನಾಟದ ಸೋಂಕುಗಳೇ ನೇರ ಕಾರಣವಾಗಿ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಪ್ರಕಟಿಸಿದ ಅಧ್ಯಯನ ಅಂದಾಜಿಸಿದೆ. ಸ್ವತಃ ಫ್ಲೆಮಿಂಗ್ ಅವರೇ 1945ರ ನೊಬೆಲ್ ಉಪನ್ಯಾಸದಲ್ಲಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವಂತಾದರೆ ಜನ ಅರೆಬರೆ ಪ್ರಮಾಣದಲ್ಲಿ ಪೆನಿಸಿಲಿನ್ ಸೇವಿಸಿ ರೋಗಾಣುಗಳನ್ನು ಬಲಪಡಿಸಿಯಾರು ಎಂದು ಎಚ್ಚರಿಸಿದ್ದರು.

ಪ್ರತಿಜೀವಕದ ಶಕ್ತಿ ಊರ ಕೆರೆಯ ನೀರಿದ್ದಂತೆ. ಬೇರೆ ಮದ್ದುಗಳನ್ನು ತಪ್ಪಾಗಿ ಸೇವಿಸಿದರೆ ಕೆಡುಕು ಸೇವಿಸಿದವರಿಗೆ ಮಾತ್ರ. ಇದು ಹಾಗಲ್ಲ. ಒಬ್ಬರ ಮೈಯಲ್ಲಿ ಬಲಿತ ರೋಗಾಣು ಮನೆಮಂದಿಗೆ, ನೆರೆಮನೆಗೆ, ಆಸ್ಪತ್ರೆಯ ಪಕ್ಕದ ಹಾಸಿಗೆಗೆ ದಾಟುತ್ತದೆ. ತೂಬನ್ನು ಒಬ್ಬನು ರಾತ್ರಿ ತೆರೆದಿಟ್ಟರೆ ಬೆಳಿಗ್ಗೆ ಕೆರೆಯ ಕೆಳಗಿನ ಎಲ್ಲ ಗದ್ದೆಗಳೂ ಒಣಗುತ್ತವೆ.

ದಾಳಿಂಬೆ ತೋಟದಲ್ಲಿಯೂ, ಕುರಿಹಟ್ಟಿಯಲ್ಲಿಯೂ

ತೂಬು ತೆರೆದಿರುವುದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರವಲ್ಲ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ದಾಳಿಂಬೆ ಬೆಳೆದವರಿಗೆ ದುಂಡಾಣು ಅಂಗಮಾರಿ ರೋಗದ ಪೆಟ್ಟು ಎಂಥದೆಂದು ಗೊತ್ತು. ಸಾಲ ಮಾಡಿ ಕಟ್ಟಿದ ತೋಟ ಒಂದು ಮಳೆಗಾಲದಲ್ಲಿ ಹಣ್ಣೆಲ್ಲ ಚುಕ್ಕೆಯಾಗಿ ಬಿರಿದು ಹೋದುದನ್ನು ನಾವೂ ಕಂಡಿದ್ದೇವೆ. ಆ ರೋಗಕ್ಕೆ ರೈತರು ವರ್ಷಗಟ್ಟಲೆ ಸಿಂಪಡಿಸಿದ್ದು ಸ್ಟ್ರೆಪ್ಟೊಸೈಕ್ಲಿನ್ ಪುಡಿ. ಕ್ಷಯದ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್, ಅದರೊಡನೆ ಟೆಟ್ರಾಸೈಕ್ಲಿನ್, ಇವೆರಡರ ಮಿಶ್ರಣವೇ ಅದು. ಮನುಷ್ಯರ ಪ್ರಾಣ ಉಳಿಸುವ ಔಷಧ ಎಲೆಯ ಮೇಲಿಂದ ಜಾರಿ ಮಣ್ಣಿಗೆ ಬಿದ್ದು, ಅಲ್ಲಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವ ಪಾಠ ಕಲಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಬೆಳೆಗಳ ಮೇಲೆ ಈ ಮಿಶ್ರಣದ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು ಕರಡು ಆದೇಶ ಹೊರಡಿಸಿತು. ರೈತರನ್ನು ದೂರಿ ನಾವು ಈ ಮಾತನ್ನು ಬರೆಯುತ್ತಿಲ್ಲ. ಬೇರೆ ದಾರಿ ತೋರಿಸದೆ ಡಬ್ಬಿ ಕಸಿದುಕೊಂಡರೆ ಅದು ನ್ಯಾಯವಲ್ಲ. ರೋಗಮುಕ್ತ ಸಸಿಗಳ ಪೂರೈಕೆ, ಸೋಂಕಿದ ರೆಂಬೆ ಕತ್ತರಿಸಿ ಸುಡುವುದು, ಬೋರ್ಡೋ ದ್ರಾವಣ, ಮಳೆಗಾಲ ತಪ್ಪಿಸಿ ಹೂ ಬಿಡಿಸುವ ಕ್ರಮ ಇವುಗಳ ಬಗೆಗೆ ತೋಟಗಾರಿಕೆ ಇಲಾಖೆಯು ತೋಟದವರೆಗೆ ಹೋಗಿ ತಿಳಿಸಿಕೊಡಬೇಕು.

ಕುರಿ, ಕೋಳಿ ಸಾಕುವವರಿಗೂ ಇದೇ ಮಾತು. ಬಹುತೇಕ ಔಷಧಗಳು ಸೋತಾಗ ವೈದ್ಯರು ಕೊನೆಯದಾಗಿ ಕೊಡುವ ಕೊಲಿಸ್ಟಿನ್ ಎಂಬುದನ್ನು ಕೋಳಿಗಳು ಬೇಗ ಕೊಬ್ಬಲೆಂದು ಮೇವಿಗೆ ಬೆರೆಸುವ ಪದ್ಧತಿ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಹಟ್ಟಿಯಲ್ಲಿ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿದರೆ ಪ್ರತಿಜೀವಕದ ಅಗತ್ಯವೇ ಎಷ್ಟೋ ಕಡಿಮೆಯಾಗುತ್ತದೆ.

ಹೀಗೆ ನಾವು ಸುರಿದ ಮದ್ದೆಲ್ಲ ಎಲ್ಲಿಗೆ ಹೋಗುತ್ತದೆ? ತೋಟದ ನೀರು, ಊರಿನ ಚರಂಡಿ, ಆಸ್ಪತ್ರೆಯ ಕೊಳಚೆ ಹಳ್ಳ ಸೇರುತ್ತವೆ, ಹಳ್ಳ ವೇದಾವತಿಯನ್ನು ಸೇರುತ್ತದೆ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಮದ್ದನ್ನು ಅರಸಿ ವಿಜ್ಞಾನಿಗಳು ಇಳಿಯುತ್ತಿರುವ ಕಡಲಿಗೆ ನಮ್ಮ ಹಳೆಯ ಮದ್ದಿನ ಕಸ ಹೀಗೆ ಹರಿದು ಸೇರುತ್ತದೆ. ಕಡಲಿನಲ್ಲಿ ಮದ್ದಷ್ಟೇ ಇಲ್ಲ, ಮದ್ದನ್ನು ಸೋಲಿಸುವ ವಿದ್ಯೆಯೂ ಇದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಗಳ ಬಲ ಕುಗ್ಗಿಸುವ ಒಂದು ವಂಶವಾಹಿಯು ಆಸ್ಪತ್ರೆಯ ರೋಗಾಣುಗಳಿಗೆ ಬಂದದ್ದು ಎಲ್ಲಿಂದ ಎಂದು ಹುಡುಕಿದಾಗ, ಶಿವಾನೆಲ್ಲಾ ಆಲ್ಗೆ ಎಂಬ ಕಡಲನೀರಿನ ಬ್ಯಾಕ್ಟೀರಿಯಾ ಅದರ ಮೂಲವೆಂದು 2005ರಲ್ಲಿ ತಿಳಿದುಬಂದಿತು. ಕಡಲನ್ನು ನಾವು ಮಲಿನಗೊಳಿಸಿದಷ್ಟೂ ಅಲ್ಲಿಂದ ಬರುವ ಹೊಸ ಮದ್ದಿನ ಆಯುಸ್ಸು ಕಡಿಮೆಯಾದೀತು.

ಊರಿನ ನೀರಗಂಟಿ

ಸರ್ಕಾರ ಮತ್ತು ಕಂಪನಿಗಳ ಪಾಲಿನ ಕೆಲಸವೂ ಇದೆ. ಹೊಸ ಪ್ರತಿಜೀವಕ ಬಂದರೆ ಅದನ್ನು ಆದಷ್ಟು ಕಡಿಮೆ ಬಳಸಿ, ಬೇರೆಲ್ಲವೂ ಸೋತಾಗ ಮಾತ್ರ ಹೊರತೆಗೆಯಬೇಕು. ಕಡಿಮೆ ಮಾರಾಟವಾಗುವ ಔಷಧಕ್ಕೆ ಹಣ ಹೂಡುವ ಕಂಪನಿ ಬದುಕುವುದು ಹೇಗೆ? ಅಮೆರಿಕದ ಅಕೇಯೊಜೆನ್ ಎಂಬ ಕಂಪನಿಯು ವರ್ಷಗಟ್ಟಲೆ ಶ್ರಮಿಸಿ ಪ್ಲಾಜೊಮೈಸಿನ್ ಎಂಬ ಪ್ರತಿಜೀವಕಕ್ಕೆ 2018ರ ಜೂನ್‌ನಲ್ಲಿ ಅನುಮತಿ ಪಡೆಯಿತು. 2019ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ನಮ್ಮ ಹಿರಿಯರು ಕೆರೆಗೆ ನೀರಗಂಟಿಯನ್ನು ನೇಮಿಸುತ್ತಿದ್ದರು. ಅವನಿಗೆ ಊರವರು ಕಾಳು ಅಳೆದು ಕೊಡುತ್ತಿದ್ದುದು ನೀರನ್ನು ಹೆಚ್ಚು ಹರಿಸಿದನೆಂದಲ್ಲ, ಅಳತೆಯಿಂದ ಹರಿಸಿ ಕೆರೆಯನ್ನು ಕಾಯ್ದನೆಂದು. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ 2022ರಲ್ಲಿ ಇದೇ ಬಗೆಯ ಏರ್ಪಾಟನ್ನು ತಂದಿತು. ಎರಡು ಹೊಸ ಪ್ರತಿಜೀವಕಗಳಿಗೆ, ಎಷ್ಟು ಖರ್ಚಾಯಿತೆಂದು ಲೆಕ್ಕಿಸದೆ, ವರ್ಷಕ್ಕಿಷ್ಟು ಎಂದು ಹಣ ಕೊಡುವ ಒಪ್ಪಂದ ಅದು. ನಮ್ಮ ದೇಶವೂ ಈ ದಾರಿಯನ್ನು ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆಶಾದಾಯಕವಾದ ಸುದ್ದಿಯೂ ಇದೆ. ಕೇಂದ್ರ ಸರ್ಕಾರದ ನೆರವು ಪಡೆದು ವೊಕಾರ್ಟ್ ಕಂಪನಿಯು ಅಭಿವೃದ್ಧಿಪಡಿಸಿದ ನಾಫಿಥ್ರೊಮೈಸಿನ್ ಎಂಬ ಔಷಧ, ಔಷಧ ನಿರೋಧಕ ನ್ಯುಮೋನಿಯಾಕ್ಕೆಂದು 2024ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಬಗ್‌ವರ್ಕ್ಸ್ ಸಂಸ್ಥೆಯು ಹೊಸ ಪ್ರತಿಜೀವಕಕ್ಕಾಗಿಯೇ ದುಡಿಯುತ್ತಿದೆ. ಇವು ಕಡಲಿನಿಂದ ಬಂದವಲ್ಲ. ಆದರೆ ನಮ್ಮಲ್ಲಿ ಶಕ್ತಿಯಿದೆ ಎಂದು ಹೇಳುತ್ತವೆ. ಕಾರವಾರ, ಮಂಗಳೂರುಗಳ ಪ್ರಯೋಗಾಲಯಗಳಲ್ಲಿ ಕಡಲ ಕೆಸರನ್ನು ಶೋಧಿಸುವ ತರುಣ ತರುಣಿಯರಿಗೆ ಒಂದೆರಡು ವರ್ಷದ ಯೋಜನೆಯ ಹಣ ಸಾಲದು, ಹತ್ತು ಹದಿನೈದು ವರ್ಷ ನಿಂತು ದುಡಿಯುವ ಆಸರೆ ಬೇಕು. ಹಾಗೆಯೇ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಲ್ಚರ್ ಪರೀಕ್ಷೆಯು ಬಡವರಿಗೂ ಸುಲಭವಾಗಿ, ಬೇಗನೆ ದೊರೆಯಬೇಕು. ರೋಗಾಣು ಯಾವುದೆಂದು ತಿಳಿಯದೆ ಮದ್ದು ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ.

ನಮ್ಮ ಕೈಯಲ್ಲಿರುವುದು

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ನಿಯಮದಂತೆ, ಸೆಫಿಕ್ಸಿಮ್ ಸೇರಿದಂತೆ ಆ ಪಟ್ಟಿಯಲ್ಲಿರುವ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೊಂಡವರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪಟ್ಟಿಯ ಮೇಲಿನ ಕೆಂಪು ಗೆರೆಯ ಅರಿವು ಮೂಡಿಸುವ ಅಭಿಯಾನವನ್ನು ಆರಂಭಿಸಿತು. ನಿಯಮಗಳಿವೆ, ಗೆರೆಯೂ ಇದೆ. ಆದರೆ ಕೇಳುವವರು ನಾವೇ ಆಗಿರುವಾಗ ಕೊಡುವವರನ್ನು ಮಾತ್ರ ದೂರಿ ಫಲವೇನು? ಜ್ವರ ಬಂದ ಮಗುವನ್ನು ಕರೆದೊಯ್ದು, “ಡಾಕ್ಟ್ರೇ, ಸ್ವಲ್ಪ ಪವರ್‌ಫುಲ್ ಆಗಿರೋದೇ ಬರೀರಿ” ಎಂದು ಒತ್ತಾಯಿಸುವವರು ನಮ್ಮವರೇ. ಗುಳಿಗೆ ಬೇಡ, ಎರಡು ದಿನ ಕಾಯೋಣ ಎಂದ ವೈದ್ಯರನ್ನು ಬಿಟ್ಟು ಬೇರೆಯವರಲ್ಲಿಗೆ ಹೋಗುವವರೂ ನಮ್ಮವರೇ.

ಆದ್ದರಿಂದ ಶ್ರೀಮಠದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ವೈದ್ಯರು ಬರೆಯದೆ ಪ್ರತಿಜೀವಕವನ್ನು ಕೊಳ್ಳಬೇಡಿ. ಬರೆದರೆ, ಹೇಳಿದಷ್ಟು ದಿನ ಹೇಳಿದ ಹೊತ್ತಿಗೆ ಸೇವಿಸಿ. ನಡುವೆ ತೊಂದರೆಯಾದರೆ ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಮಿಕ್ಕ ಗುಳಿಗೆಯನ್ನು ನೆರೆಮನೆಯವರಿಗೆ ಕೊಡುವುದು ದಾಸೋಹವಲ್ಲ, ಅದನ್ನು ಚರಂಡಿಗೆ, ಹಳ್ಳಕ್ಕೆ ಎಸೆಯುವುದೂ ಸಲ್ಲದು. ಸೋಂಕು ಮರುಕಳಿಸುತ್ತಿದ್ದರೆ ಕಲ್ಚರ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ, ವರದಿಯ ಹಾಳೆಯನ್ನು ಜೋಪಾನವಾಗಿಡಿ. ಕೈ ತೊಳೆಯುವುದು, ಕುದಿಸಿದ ನೀರು, ಶೌಚಾಲಯ, ಮಕ್ಕಳಿಗೆ ಲಸಿಕೆ ಇವು ಸೋಂಕನ್ನೇ ತಡೆಯುತ್ತವೆ. ಬಾರದ ಸೋಂಕಿಗೆ ಮದ್ದೇ ಬೇಡ.

ಮರಡಿಹಳ್ಳಿಯ ಕಲ್ಲುಗಳ ಕಾಲದಿಂದ ಬದುಕಿ ಬಂದಿರುವ ಬ್ಯಾಕ್ಟೀರಿಯಾಗಳಿಗೆ ಅವಸರವಿಲ್ಲ. ಅವುಗಳಿಂದ ಮದ್ದನ್ನು ಪಡೆಯುವ ವಿಜ್ಞಾನಿಗಳಿಗೆ ನಾವು ಕೊಡಬಹುದಾದ ದೊಡ್ಡ ನೆರವು ಕಾಲಾವಕಾಶ. ಇರುವ ಮದ್ದನ್ನು ನಾವು ಕಾಯ್ದುಕೊಂಡಷ್ಟು ದಿನ ಅವರ ಹುಡುಕಾಟಕ್ಕೆ ಬಿಡುವು ಸಿಗುತ್ತದೆ. ಹೊಳಲ್ಕೆರೆಯ ಆ ತಾಯಿ ಈಗ ಚೆನ್ನಾಗಿದ್ದಾರೆ. ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಗುಳಿಗೆಯ ತುಂಡುಗಳಿಲ್ಲ. ಮಡಿಸಿದ ಆ ವರದಿಯ ಹಾಳೆ ಮಾತ್ರ ಇದೆ. ಮುಂದಿನ ಸಲ ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಮೊದಲು ತೋರಿಸುವುದಾಗಿ ಮಗ ನಮಗೆ ಹೇಳಿದ್ದಾರೆ.